ಜರ್ಮನಿಗೆ ಬಂದಿದ್ದೀರಾ? ಮೊದಲು ಅಂಚೆ ಡಬ್ಬಿಗೆ ಹೆಸರು ಅಂಟಿಸಿ

ಪ್ರತಿ ವರ್ಷ ಆಗಸ್ಟ್ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಊರಿನಿಂದ ಮೆಸೇಜ್ ಬರಲು ಶುರುವಾಗುತ್ತದೆ. "ಅಕ್ಕಾ, ಅಕ್ಟೋಬರ್‌ನಲ್ಲಿ ಸ್ಟುಟ್‌ಗಾರ್ಟ್‌ಗೆ ಬರ್ತಾ ಇದ್ದೀನಿ, ಏನೇನು ತರಬೇಕು?" ಕೆಲವರು ಓದಲು ಬರುವವರು, ಕೆಲವರು ಬೆಂಗಳೂರಿನ ಕಂಪನಿಯಿಂದ ಇಲ್ಲಿಯ ಆಫೀಸಿಗೆ ಬರುವವರು, ಇನ್ನು ಕೆಲವರು ಗಂಡನ ಜೊತೆಯೋ ಹೆಂಡತಿಯ ಜೊತೆಯೋ ಇರಲು ಬರುವವರು. ಸೂಟ್‌ಕೇಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬಂದಿಳಿದ ಮೇಲೆ ದಿನ ಹೇಗೆ ನಡೆಸಬೇಕು ಅಂತ ಕೇಳುವವರು ಕಡಿಮೆ. ಹಾಗಾಗಿ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹಾಸನದ ಕಡೆಯವಳು, ಗಂಡ ಮಗಳ ಜೊತೆ ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇನೆ. ಇಲ್ಲಿ ಹೇಳುವ ನಿಯಮಗಳು ಜರ್ಮನಿಯಲ್ಲೆಲ್ಲಾ ಹೆಚ್ಚು ಕಡಿಮೆ ಒಂದೇ. ಕೆಲವು ರೂಢಿಗಳು ಮಾತ್ರ ಈ ಶ್ವಾಬಿಯ ಸೀಮೆಯವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಸಬರು ಬಾಡಿಗೆಗೆ ಬಂದರೆ ಪಕ್ಕದ ಮನೆಯವರೇ ಬಂದು "ಹಾಲು ಬೇಕಾ, ನೀರು ಬಂತಾ" ಅಂತ ವಿಚಾರಿಸುತ್ತಾರೆ. ಇಲ್ಲಿ ಯಾರೂ ತಾವಾಗಿ ಬರುವುದಿಲ್ಲ. ಕರೆಯದೆ ಇನ್ನೊಬ್ಬರ ವಿಷಯಕ್ಕೆ ಹೋಗಬಾರದು ಅನ್ನುವುದು ಇವರ ಲೆಕ್ಕದಲ್ಲಿ ಮರ್ಯಾದೆ. ನೀವೇ ಹೋಗಿ ಕೇಳಿ ನೋಡಿ, ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ಹೇಳಿಕೊಡುತ್ತಾರೆ. ನನ್ನ ಮೊದಲ ವರ್ಷದ ಅರ್ಧಕ್ಕರ್ಧ ಕಷ್ಟ ಬಂದದ್ದು ಕೇಳೋಕೆ ಸಂಕೋಚಪಟ್ಟಿದ್ದರಿಂದ. ಕೆಳಗಿನ ಪ್ರತಿಯೊಂದು ವಿಷಯದಲ್ಲೂ ನಿಮಗೆ ಅನುಮಾನ ಬಂದರೆ ಸುಮ್ನೆ ಕೇಳಿಬಿಡಿ.

ಮೊದಲ ಎರಡು ವಾರ

ಮನೆಗೆ ಬಂದ ಎರಡು ವಾರದೊಳಗೆ ನಿಮ್ಮ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಸ್ಟುಟ್‌ಗಾರ್ಟ್‌ನಲ್ಲಿ ಇದು ಆಗುವುದು ಬ್ಯುರ್ಗರ್‌ಬ್ಯೂರೋ ಅನ್ನುವ ಕಚೇರಿಯಲ್ಲಿ, ಒಂದೊಂದು ಬಡಾವಣೆಗೂ ಒಂದೊಂದು ಇರುತ್ತದೆ. ಪಾಸ್‌ಪೋರ್ಟ್ ಬೇಕು, ಜೊತೆಗೆ ಮನೆ ಮಾಲೀಕರು "ಇವರು ಇಂಥ ದಿನದಿಂದ ನಮ್ಮ ಮನೆಯಲ್ಲಿದ್ದಾರೆ" ಅಂತ ಸಹಿ ಮಾಡಿಕೊಟ್ಟ ಒಂದು ಪತ್ರ ಬೇಕು. ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲದು. ಮದುವೆಯಾದವರು ಮದುವೆ ಪ್ರಮಾಣಪತ್ರ, ಮಕ್ಕಳಿದ್ದರೆ ಜನನ ಪ್ರಮಾಣಪತ್ರ ತನ್ನಿ. ಕನ್ನಡದಲ್ಲಿ ಮಾತ್ರ ಇರುವ ಪ್ರಮಾಣಪತ್ರ ಇಲ್ಲಿ ಯಾರಿಗೂ ಓದಲಾಗದು. ಅದಕ್ಕೇ ಊರಿನಲ್ಲೇ ಇಂಗ್ಲಿಷ್ ಇರುವ ಪ್ರತಿ ತೆಗೆಸಿಕೊಳ್ಳಿ. ಜರ್ಮನ್ ಅನುವಾದ ಕೇಳಿದರೆ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರ ಕೈಯಲ್ಲೇ ಮಾಡಿಸಬೇಕು.

ಈ ಒಂದು ಕಾಗದದಿಂದ ಮುಂದಿನ ಎಲ್ಲವೂ ಹೊರಡುತ್ತದೆ. ಆನ್‌ಮೆಲ್ಡುಂಗ್ ಆದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದನ್ನು ಆಫೀಸಿಗೆ ಕೊಡದಿದ್ದರೆ ಸಂಬಳದಲ್ಲಿ ಜಾಸ್ತಿ ತೆರಿಗೆ ಕಡಿಯಬಹುದು. ಬ್ಯಾಂಕ್ ಖಾತೆಗೂ ವಿಳಾಸ ಬೇಕು, ವೀಸಾವನ್ನು ಇಲ್ಲಿ ವಾಸಿಸಲು ಅನುಮತಿ ಕೊಡುವ ಕಾರ್ಡಿಗೆ ಬದಲಾಯಿಸಲೂ ಬೇಕು. ಈ ಕಾರ್ಡಿನ ವಿಷಯದಲ್ಲಿ ಉದಾಸೀನ ಮಾಡಬೇಡಿ. ವೀಸಾ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿರಬೇಕು, ಅದೂ ಹಲವು ತಿಂಗಳು ಮುಂಚೆ, ಯಾಕೆಂದರೆ ಅಪಾಯಿಂಟ್‌ಮೆಂಟ್ ಸಿಗುವುದೇ ತಡ. ಅರ್ಜಿ ಹಾಕಿದ ಮೇಲೆ ಕಾರ್ಡ್ ಬರುವುದು ತಡವಾದರೆ, ಅಲ್ಲಿಯವರೆಗೆ ಇರಲು ತಾತ್ಕಾಲಿಕ ಪತ್ರ ಕೇಳಿ ಪಡೆದುಕೊಳ್ಳಿ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ದೊಡ್ಡ ತಲೆನೋವು. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಊರ ಹೆಸರು, ಅಪ್ಪನ ಹೆಸರು ಸೇರಿರುತ್ತದೆ, ಮನೆತನದ ಹೆಸರು ಅಂತ ಬೇರೆ ಇರುವುದಿಲ್ಲ. ಇಲ್ಲಿ ಪ್ರತಿ ಫಾರ್ಮಿನಲ್ಲೂ ಮೊದಲ ಹೆಸರು, ಕುಟುಂಬದ ಹೆಸರು ಎರಡೂ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಒಂದು ಕಚೇರಿ ಒಂದು ಥರ, ಇನ್ನೊಂದು ಇನ್ನೊಂದು ಥರ ಬರೆದುಕೊಳ್ಳುತ್ತದೆ, ಆಮೇಲೆ ಬ್ಯಾಂಕಿನ ಹೆಸರಿಗೂ ವಿಮೆಯ ಹೆಸರಿಗೂ ತಾಳೆಯಾಗುವುದಿಲ್ಲ. ಸಾಧ್ಯವಾದರೆ ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಎರಡೂ ಭಾಗ ತುಂಬಿಸಿಕೊಳ್ಳಿ. ಆಗದಿದ್ದರೆ ಎಲ್ಲ ಕಡೆಯೂ ಒಂದೇ ಅಕ್ಷರ, ಒಂದೇ ಕ್ರಮ.

ಅಂಚೆ ಡಬ್ಬಿ

ಇನ್ನು ಆ ಹೆಸರನ್ನು ಬಾಗಿಲ ಗಂಟೆಯ ಮೇಲೂ ಕೆಳಗಿನ ಅಂಚೆ ಡಬ್ಬಿಯ ಮೇಲೂ ಅವತ್ತೇ ಅಂಟಿಸಿ. ಇಲ್ಲಿ ವಿಳಾಸದಲ್ಲಿ ಫ್ಲಾಟ್ ನಂಬರ್ ಇರುವುದಿಲ್ಲ. ಹನ್ನೆರಡು ಮನೆಯ ಕಟ್ಟಡಕ್ಕೆ ಒಂದೇ ನಂಬರ್. ಪೋಸ್ಟ್‌ಮ್ಯಾನ್ ಹೆಸರು ನೋಡಿ ಕಾಗದ ಹಾಕುತ್ತಾರೆ, ಹೆಸರಿಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ನಾವು ಬಂದ ಹೊಸದರಲ್ಲಿ ಹೆಸರು ಅಂಟಿಸದೆ ಮೂರು ವಾರ ಬ್ಯಾಂಕ್ ಕಾರ್ಡಿಗೆ ಕಾದೆವು. ಕಾರ್ಡ್ ಬಂದು ವಾಪಸ್ ಹೋಗಿತ್ತು.

ಜರ್ಮನಿಯಲ್ಲಿ ಮುಖ್ಯವಾದ ವಿಷಯಗಳೆಲ್ಲ ಈಗಲೂ ಕಾಗದದಲ್ಲೇ ಬರುತ್ತವೆ. ಡಬ್ಬಿ ದಿನಾ ನೋಡಿ. ಅರ್ಥವಾಗದ ಕಾಗದ ಬಂದರೆ ಫೋನಿನಲ್ಲಿ ಫೋಟೋ ತೆಗೆದು ಅನುವಾದ ಮಾಡಿ ನೋಡಿ. ಮೊದಲು ಹುಡುಕಬೇಕಾದ ಪದ "ಫ್ರಿಸ್ಟ್", ಅಂದರೆ ಗಡುವು. "ಮಾನುಂಗ್" ಅಂತ ಇದ್ದರೆ ಹಣ ಕಟ್ಟಿಲ್ಲ ಅಂತ ನೆನಪೋಲೆ, ತಡ ಮಾಡಿದಷ್ಟೂ ಮೊತ್ತ ಏರುತ್ತದೆ. ಕೋರ್ಟು, ಸರ್ಕಾರಿ ಕಚೇರಿಯಿಂದ ಹಳದಿ ಲಕೋಟೆ ಬಂದರೆ ಅದರ ಮೇಲೆ ಬರೆದ ತಾರೀಖು ಮುಖ್ಯ, ಗಡುವಿನ ಲೆಕ್ಕ ಆ ದಿನದಿಂದ ಶುರು. ಹಾಗಾಗಿ ಆ ಲಕೋಟೆ ಎಸೆಯಬೇಡಿ. ಎರಡು ತೂತಿನ ದಪ್ಪ ಫೈಲೊಂದು ತಂದು ಬಂದ ಕಾಗದವೆಲ್ಲ ಅದಕ್ಕೆ ಹಾಕುತ್ತಾ ಹೋಗಿ. ನನ್ನ ಹತ್ತಿರ ಈಗ ನಾಲ್ಕು ಫೈಲ್ ಇವೆ, ಒಂದೂ ದಂಡವಾಗಿಲ್ಲ.

ಬಂದ ಕೆಲವು ವಾರಕ್ಕೆ ಎಲ್ಲರನ್ನೂ ಹೆದರಿಸುವ ಒಂದು ಕಾಗದವಿದೆ. ಟಿವಿ, ರೇಡಿಯೋ ಶುಲ್ಕದ್ದು. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಕಟ್ಟಲೇಬೇಕು. 2021ರ ಆಗಸ್ಟ್‌ನಿಂದ ಆ ದರ. ಮೋಸದ ಕಾಗದ ಅಂದುಕೊಂಡು ಹರಿದು ಹಾಕಿದವರು ಆಮೇಲೆ ಹಿಂದಿನ ತಿಂಗಳುಗಳದ್ದನ್ನೂ ಸೇರಿಸಿ ಕಟ್ಟಿದ್ದಾರೆ. ಮೂರು ಜನ ಸ್ನೇಹಿತರು ಒಂದು ಮನೆಯಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದ ಇಬ್ಬರು ಕಟ್ಟುವವರ ಶುಲ್ಕದ ಖಾತೆ ಸಂಖ್ಯೆ ಬರೆದು ಶುಲ್ಕದ ಕಚೇರಿಗೆ ತಿಳಿಸಬೇಕು.

ಮನೆ

ಸ್ಟುಟ್‌ಗಾರ್ಟ್‌ನಲ್ಲಿ ಮನೆ ಸಿಗುವುದು ಬಹಳ ಕಷ್ಟ. ಮೊದಲಿಗೆ ಒಂದೆರಡು ತಿಂಗಳಿಗೆ ತಾತ್ಕಾಲಿಕ ಮನೆ ಹಿಡಿದು, ಇಲ್ಲಿಗೆ ಬಂದ ಮೇಲೆ ಹುಡುಕುವುದು ಒಳ್ಳೆಯದು. ಆದರೆ ಆ ತಾತ್ಕಾಲಿಕ ಮನೆಯವರು ಆನ್‌ಮೆಲ್ಡುಂಗ್‌ಗೆ ಪತ್ರ ಕೊಡುತ್ತಾರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ಮನೆ ಕಣ್ಣಾರೆ ನೋಡದೆ ಯಾರಿಗೂ ಒಂದು ಯೂರೋ ಕಳಿಸಬೇಡಿ. "ನಾನು ಬೇರೆ ದೇಶದಲ್ಲಿದ್ದೇನೆ, ಹಣ ಹಾಕಿ, ಕೀಲಿ ಕೊರಿಯರ್ ಮಾಡುತ್ತೇನೆ" ಅನ್ನುವ ಮೆಸೇಜ್ ಬಂದರೆ ಅದು ಮೋಸವೇ.

ಜಾಹೀರಾತಿನಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್‌ಮೀಟೆ ಅಂದರೆ ತಣ್ಣಗಿನ ಬಾಡಿಗೆ, ಬರೀ ಮನೆಯದ್ದು. ವಾರ್ಮ್‌ಮೀಟೆ ಅಂದರೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಸೇರಿದ್ದು. ಕರೆಂಟ್ ಮತ್ತು ಇಂಟರ್‌ನೆಟ್ ಹೆಚ್ಚಾಗಿ ಎರಡರಲ್ಲೂ ಸೇರಿರುವುದಿಲ್ಲ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಸಮಾಧಾನದ ಸುದ್ದಿ.

ಅಡುಗೆಮನೆ ಇದೆಯಾ ಅಂತ ಕೇಳಿ! ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕೋಣೆ ಇರುತ್ತದೆ, ಒಳಗೆ ನಲ್ಲಿಯ ಪೈಪು ಬಿಟ್ಟರೆ ಏನೂ ಇರುವುದಿಲ್ಲ. ಸಿಂಕ್, ಒಲೆ, ಕಪಾಟು ಎಲ್ಲ ಬಾಡಿಗೆದಾರರೇ ತಂದು ಹೋಗುವಾಗ ಬಿಚ್ಚಿಕೊಂಡು ಹೋಗುತ್ತಾರೆ. ಜಾಹೀರಾತಿನಲ್ಲಿ "ಇಬಿಕೆ" ಅನ್ನುವ ಮೂರಕ್ಷರ ಇದ್ದರೆ ಅಡುಗೆಮನೆ ಜೋಡಿಸಿದೆ ಅಂತ ಅರ್ಥ. ಕೆಲವರಿಗೆ ಲೈಟಿನ ಜಾಗದಲ್ಲಿ ವೈರ್ ಮಾತ್ರ ನೇತಾಡುತ್ತಿರುತ್ತದೆ, ಅದಕ್ಕೂ ಸಿದ್ಧರಾಗಿರಿ.

ಕೀಲಿ ತೆಗೆದುಕೊಳ್ಳುವ ದಿನ ಗೋಡೆಯ ಪ್ರತಿ ಗೀರು, ನೆಲದ ಪ್ರತಿ ಕಲೆ ಫೋಟೋ ತೆಗೆದು, ಹಸ್ತಾಂತರದ ಕಾಗದದಲ್ಲಿ ಬರೆಸಿ. ಮೀಟರ್ ರೀಡಿಂಗ್ ಕೂಡ ಬರೆಸಿ. ಬಿಡುವಾಗ ಮೂರು ತಿಂಗಳ ನೋಟಿಸ್ ಕೊಡಬೇಕು, ಕೈಯಾರೆ ಸಹಿ ಮಾಡಿದ ಕಾಗದದಲ್ಲಿ. ಇಮೇಲ್ ನಡೆಯುವುದಿಲ್ಲ. ಆ ಕಾಗದ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರಿಗೆ ತಲುಪಿದರೆ ಆ ತಿಂಗಳೂ ಲೆಕ್ಕಕ್ಕೆ ಸೇರುತ್ತದೆ, ಒಂದು ದಿನ ತಪ್ಪಿದರೆ ಒಂದು ತಿಂಗಳ ಬಾಡಿಗೆ ಜಾಸ್ತಿ.

ಗಾಳಿ ಆಡಿಸುವುದು ಇಲ್ಲಿ ದಿನನಿತ್ಯದ ಕೆಲಸ. ದಿನಕ್ಕೆ ಎರಡು ಮೂರು ಸಲ, ಚಳಿಗಾಲದಲ್ಲೂ, ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಟ್ಟು ಮುಚ್ಚಬೇಕು. ಹೀಟಿಂಗ್ ಹಾಕಿಕೊಂಡು ಕಿಟಕಿಯನ್ನು ಓರೆಯಾಗಿ ದಿನವೆಲ್ಲ ಬಿಟ್ಟರೆ ಶಾಖವೆಲ್ಲ ಹೊರಗೆ ಹೋಗುತ್ತದೆ. ನಾವು ಮೊದಲ ಚಳಿಗಾಲ ಹಾಗೇ ಮಾಡಿದೆವು, ಮರುವರ್ಷ ಹೀಟಿಂಗ್ ಲೆಕ್ಕ ಬಂದಾಗ ನಾನೂರು ಯೂರೋ ಹೆಚ್ಚುವರಿ ಕಟ್ಟಬೇಕಾಯಿತು. ಹಾಗಂತ ಕಿಟಕಿ ತೆರೆಯದೇ ಇದ್ದರೂ ಕಷ್ಟ. ಕುಕ್ಕರ್ ಕೂಗಿಸಿ, ಸಾರು ಕುದಿಸಿ, ಒಳಗೇ ಬಟ್ಟೆ ಒಣಗಿಸುವ ನಮ್ಮಂಥ ಮನೆಗಳಲ್ಲಿ ತೇವ ಜಾಸ್ತಿ. ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದರೆ ಮಾಲೀಕರು ಮೊದಲು ಕೇಳುವುದೇ "ಗಾಳಿ ಆಡಿಸಿದ್ರಾ" ಅಂತ.

ಕಸ, ಸದ್ದು, ಮೆಟ್ಟಿಲು

ಕಸ ಬೇರೆ ಮಾಡುವುದು ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಕಾಗದ ಒಂದು ಕಡೆ, ಪ್ಲಾಸ್ಟಿಕ್ ಮತ್ತು ಡಬ್ಬಗಳ ಪ್ಯಾಕಿಂಗ್ ಹಳದಿ ಡಬ್ಬಿ ಅಥವಾ ಹಳದಿ ಚೀಲಕ್ಕೆ, ತರಕಾರಿ ಸಿಪ್ಪೆ ಹಸಿಕಸದ ಡಬ್ಬಿಗೆ, ಉಳಿದದ್ದು ಇನ್ನೊಂದಕ್ಕೆ. ಹಸಿಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹಾಕಬೇಡಿ, ಹಳೇ ಪೇಪರಿನಲ್ಲಿ ಸುತ್ತಿ. ಗಾಜಿನ ಬಾಟಲಿಗಳಿಗೆ ಬೀದಿಯಲ್ಲಿ ಬಿಳಿ, ಹಸಿರು, ಕಂದು ಅಂತ ಬೇರೆ ಬೇರೆ ತೊಟ್ಟಿ. ಭಾನುವಾರ ಅದಕ್ಕೆ ಬಾಟಲಿ ಹಾಕಬೇಡಿ, ಸದ್ದಾಗುತ್ತದೆ. ನೀರಿನ, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಎಸೆಯಬೇಡಿ. ಕೊಳ್ಳುವಾಗ ಸಾಮಾನ್ಯವಾಗಿ ಒಂದಕ್ಕೆ 25 ಸೆಂಟ್ ಠೇವಣಿ ತೆಗೆದುಕೊಂಡಿರುತ್ತಾರೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಕುಡಿಯಲು ನಲ್ಲಿ ನೀರೇ ಚೆನ್ನಾಗಿದೆ. ಸುಣ್ಣದ ಅಂಶ ಇರುವುದರಿಂದ ಕೆಟಲ್ ಬೆಳ್ಳಗಾಗುತ್ತದೆ ಅಷ್ಟೇ, ವಿನೆಗರ್ ಹಾಕಿ ಕುದಿಸಿದರೆ ಹೋಗುತ್ತದೆ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ. ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ದಿನವಿಡೀ ಇದೇ ನಿಯಮ: ಗೋಡೆಗೆ ಡ್ರಿಲ್ ಹೊಡೆಯಬೇಡಿ, ವ್ಯಾಕ್ಯೂಮ್ ಕ್ಲೀನರ್ ಓಡಿಸಬೇಡಿ. ಚಟ್ನಿಗೆ ಮಿಕ್ಸಿ ಎರಡು ನಿಮಿಷ ಓಡಿದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಬೆಳಗ್ಗೆ ಐದೂವರೆಗೆ ಬೇಡ. ಮಿಕ್ಸಿಯ ಕೆಳಗೆ ದಪ್ಪ ಟವೆಲ್ ಮಡಚಿಡಿ. ಮನೆಯಲ್ಲಿ ಪೂಜೆ, ಹುಟ್ಟುಹಬ್ಬ ಅಂತ ಜನ ಸೇರುವುದಿದ್ದರೆ ಎರಡು ದಿನ ಮುಂಚೆ ಮೆಟ್ಟಿಲ ಹತ್ತಿರ ಒಂದು ಚೀಟಿ ಅಂಟಿಸಿ: ಇಂಥ ದಿನ, ಇಷ್ಟು ಹೊತ್ತಿಗೆ, ತೊಂದರೆಯಾದರೆ ಬಾಗಿಲು ತಟ್ಟಿ. ನಾವು ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಹೀಗೆ ಅಂಟಿಸುತ್ತೇವೆ, ಸಂಜೆ ಒಂದೊಂದು ಮನೆಗೂ ಎರಡೆರಡು ಕಡುಬು ಹೋಗುತ್ತದೆ. ಈಗ ಅವರೇ ಆಗಸ್ಟ್‌ನಲ್ಲಿ ಕೇಳುತ್ತಾರೆ, ಈ ಸಲ ಯಾವಾಗ ಅಂತ.

ಶ್ವಾಬಿಯದ ವಿಶೇಷವೊಂದಿದೆ, ಕೇರ್‌ವೋಖೆ. ಗುಡಿಸುವ ವಾರ ಅಂತ ಅರ್ಥ. ಒಂದು ಸಣ್ಣ ಹಲಗೆ ಮನೆಯಿಂದ ಮನೆಗೆ ಸರದಿಯಲ್ಲಿ ಬರುತ್ತದೆ. ನಿಮ್ಮ ಬಾಗಿಲಿಗೆ ಅದು ನೇತುಬಿದ್ದ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಿಮ್ಮದು. ಕೆಲವು ಕಟ್ಟಡಗಳಲ್ಲಿ ಅಂಗಳ, ಕಾಲುದಾರಿ, ನೆಲಮಾಳಿಗೆಯೂ ಸೇರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಟ್ಟಿಲು ಒರೆಸುವಾಗಲೇ ನನಗೆ ಕಟ್ಟಡದ ಅರ್ಧ ಜನರ ಪರಿಚಯವಾದದ್ದು. ಬೆಳಗ್ಗೆ ಎದ್ದು ಬಾಗಿಲು ಸಾರಿಸಿ ರಂಗೋಲಿ ಹಾಕುವ ಮನೆಯಲ್ಲಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಅಡುಗೆ, ಅಂಗಡಿ

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ತಂದಿಡಿ. ಬೇಕರಿ ಕೆಲವು ಗಂಟೆ ತೆರೆದಿರುತ್ತದೆ, ಪೆಟ್ರೋಲ್ ಬಂಕ್ ಇದೆ, ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿ ಇದೆ, ಬೆಲೆ ಜಾಸ್ತಿ. ರಜೆಗಳು ರಾಜ್ಯಕ್ಕೊಂದು ಥರ. ಜನವರಿ 6 ಮತ್ತು ನವೆಂಬರ್ 1 ನಮ್ಮ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ರಜೆ, ಬರ್ಲಿನ್‌ನಲ್ಲಿ ಅಲ್ಲ.

ಸೂಟ್‌ಕೇಸಿನ ಪ್ರಶ್ನೆಗೆ ಇಲ್ಲಿ ಉತ್ತರ ಕೊಟ್ಟುಬಿಡುತ್ತೇನೆ. ತುಪ್ಪ, ಪೇಡ, ಖೋವಾದ ಸಿಹಿ ತರಬೇಡಿ. ಯುರೋಪಿನ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ಮತ್ತು ಮಾಂಸ ತರುವ ಹಾಗಿಲ್ಲ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೂ ಗಿಡಗಳ ಆರೋಗ್ಯದ ಪ್ರಮಾಣಪತ್ರ ಬೇಕು. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟದ್ದನ್ನು ವಿಮಾನ ನಿಲ್ದಾಣದಲ್ಲಿ ಕಣ್ಣೆದುರೇ ಎಸೆಯುವುದನ್ನು ನೋಡಬೇಕಾಗುತ್ತದೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ರಾಗಿ ಹುರಿಹಿಟ್ಟು ತನ್ನಿ. ಮಿಕ್ಸಿ ತರಬಹುದು, ಇಲ್ಲಿಯದ್ದೂ 230 ವೋಲ್ಟ್. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಮಾತ್ರ ಇಲ್ಲಿ ಕೂರುವುದಿಲ್ಲ, ಒಳ್ಳೆಯ ಅಡಾಪ್ಟರ್ ಬೇಕು. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ್ದೇ ತನ್ನಿ.

ತುಪ್ಪಕ್ಕೆ ಇಲ್ಲಿ ಎರಡು ದಾರಿ. ಎಲ್ಲ ಸೂಪರ್ ಮಾರ್ಕೆಟ್‌ನಲ್ಲೂ ಬುಟರ್‌ಶ್ಮಾಲ್ಟ್ಸ್ ಅಂತ ಕಾಯಿಸಿದ ಬೆಣ್ಣೆ ಸಿಗುತ್ತದೆ, ದೋಸೆಗೆ ಪರವಾಗಿಲ್ಲ. ಆದರೆ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ ತಂದು ಸಣ್ಣ ಉರಿಯಲ್ಲಿ ನೀವೇ ಕಾಯಿಸಿದರೆ, ಮನೆಯೆಲ್ಲ ಆ ಘಮ ತುಂಬುತ್ತದಲ್ಲ, ಅದು ಬೇರೆಯೇ. ಕೊತ್ತಂಬರಿ, ಪುದೀನ, ಬೆಂಡೆಕಾಯಿ, ಸಣ್ಣ ಬದನೆಕಾಯಿಗೆ ಟರ್ಕಿಯವರ ಅಂಗಡಿಗೆ ಹೋಗಿ. ಕೊತ್ತಂಬರಿ ಅಲ್ಲಿ ದೊಡ್ಡ ಕಟ್ಟೇ ಸಿಗುತ್ತದೆ, ಸೂಪರ್ ಮಾರ್ಕೆಟ್‌ನಲ್ಲಿ ನಾಲ್ಕು ಕಡ್ಡಿಗೆ ಅಷ್ಟೇ ದುಡ್ಡು. ಅವರ ದೊಡ್ಡ ಡಬ್ಬದ ಮೊಸರೂ ನಮ್ಮ ನಾಲಿಗೆಗೆ ಹತ್ತಿರ. ತೊಗರಿಬೇಳೆ, ಸೋನಾ ಮಸೂರಿ, ಇಂಗು, ತುರಿದ ಫ್ರೋಜನ್ ತೆಂಗಿನಕಾಯಿ ಇಂಡಿಯನ್ ಅಥವಾ ಏಷ್ಯನ್ ಅಂಗಡಿಯಲ್ಲಿ. ಮಿಲ್ಶ್‌ರೈಸ್ ಅಂತ ಪಾಯಸಕ್ಕೆ ಬಳಸುವ ಗುಂಡು ಅಕ್ಕಿ ಮೂಲೆ ಅಂಗಡಿಯಲ್ಲೂ ಇರುತ್ತದೆ, ಮೊಸರನ್ನಕ್ಕೆ ಬಹಳ ಚೆನ್ನಾಗಿ ಮೆತ್ತಗಾಗುತ್ತದೆ.

ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಓವನ್ ಬಿಸಿ ಮಾಡಬೇಡಿ, ಒಳಗಿನ ಲೈಟ್ ಮಾತ್ರ ಹಾಕಿ ಹಿಟ್ಟಿನ ಪಾತ್ರೆ ಒಳಗಿಟ್ಟು ರಾತ್ರಿ ಬಿಡಿ. ಬೆಳಗ್ಗೆ ಉಕ್ಕಿರುತ್ತದೆ, ಕೆಳಗೊಂದು ತಟ್ಟೆ ಇಟ್ಟಿರಿ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ, ಮೆಣಸಿನಕಾಯಿ ಹೊಗೆ ಹಜಾರದ ಅಲಾರಾಂಗೆ ತಲುಪಿದರೆ ಕಟ್ಟಡವೇ ಎದ್ದು ಕೂರುತ್ತದೆ.

ಸಸ್ಯಾಹಾರಿಗಳು ಕೆಲವು ಪದ ಬಾಯಿಪಾಠ ಮಾಡಿ. ಶ್ಪೆಕ್, ಶಿಂಕೆನ್ ಅಂದರೆ ಹಂದಿ ಮಾಂಸ. ಶ್ಮಾಲ್ಟ್ಸ್ ಅಂದರೆ ಹೆಚ್ಚಾಗಿ ಹಂದಿ ಕೊಬ್ಬು, ಕೆಲವು ಬೇಕರಿಗಳ ಬ್ರೆಟ್ಸೆಲ್ ಅನ್ನುವ ಗಂಟು ಹಾಕಿದ ಬ್ರೆಡ್‌ನಲ್ಲೂ ಇರಬಹುದು, ಕೇಳಿ ತೆಗೆದುಕೊಳ್ಳಿ. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ಜೆಲ್ಲಿ ಮಿಠಾಯಿ, ಮೊಸರಿನ ಸಿಹಿಗಳಲ್ಲಿ ಅಡಗಿರುತ್ತದೆ. ಇಲ್ಲಿಯ ಮೌಲ್‌ಟಾಶನ್ ನೋಡಲು ದೊಡ್ಡ ಕಡುಬಿನ ಹಾಗೆ ಇದೆ, ಒಳಗೆ ಸಾಮಾನ್ಯವಾಗಿ ಮಾಂಸ, ತರಕಾರಿಯದ್ದು ಬೇರೆ ಸಿಗುತ್ತದೆ. ಮೊಟ್ಟೆ ತಿನ್ನುವವರು ಚೀಸ್ ಹಾಕಿದ ಶ್ಪೆಟ್ಸ್ಲೆ (ಹಿಟ್ಟು, ಮೊಟ್ಟೆಯ ಸಣ್ಣ ನೂಡಲ್ಸ್) ತಿಂದು ನೋಡಿ, ನನ್ನ ಮಗಳಿಗೆ ಅನ್ನಕ್ಕಿಂತ ಇಷ್ಟ.

ಹುಷಾರು ತಪ್ಪಿದರೆ

ಆರೋಗ್ಯ ವಿಮೆ ಕಡ್ಡಾಯ. ಸರ್ಕಾರಿ ವ್ಯವಸ್ಥೆಯ ವಿಮೆ ತೆಗೆದುಕೊಂಡರೆ ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಅದರಲ್ಲೇ ಸೇರುತ್ತಾರೆ, ಬೇರೆ ಕಟ್ಟಬೇಕಿಲ್ಲ. ಆರೋಗ್ಯವಾಗಿರುವಾಗಲೇ ಹತ್ತಿರದ ಮನೆ ಡಾಕ್ಟರ್ ಒಬ್ಬರನ್ನು ಹುಡುಕಿಟ್ಟುಕೊಳ್ಳಿ, ಜ್ವರ ಬಂದ ದಿನ ಹುಡುಕಿದರೆ "ಹೊಸ ಪೇಷಂಟ್ ತಗೊಳ್ಳಲ್ಲ" ಅನ್ನುತ್ತಾರೆ. ಚರ್ಮ, ಕಣ್ಣಿನ ಸ್ಪೆಷಲಿಸ್ಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ನೆಗಡಿ ಕೆಮ್ಮಿಗೆ ಆಂಟಿಬಯೋಟಿಕ್ ಕೊಡುವುದಿಲ್ಲ, ವಿಶ್ರಾಂತಿ ತಗೊಳ್ಳಿ, ಟೀ ಕುಡಿಯಿರಿ ಅಂತ ಕಳಿಸುತ್ತಾರೆ. ಮೊದಲಿಗೆ ನನಗೆ ಬೇಜಾರಾಗುತ್ತಿತ್ತು, ಈಗ ಅದೇ ಸರಿ ಅನಿಸುತ್ತದೆ. ಪ್ಯಾರಾಸಿಟಮಾಲ್ ಕೂಡ ಔಷಧದ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಸೂಪರ್ ಮಾರ್ಕೆಟ್‌ನಲ್ಲಿಲ್ಲ.

ಮೂರು ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಪ್ರಾಣಾಪಾಯ, ಬೆಂಕಿಗೆ 112. ಪೊಲೀಸ್ 110. ರಾತ್ರಿಯೋ ಭಾನುವಾರವೋ ಡಾಕ್ಟರ್ ಬೇಕು, ಆದರೆ ಅಪಾಯವಿಲ್ಲ ಅಂದಾಗ 116117. ಕೆಲಸಕ್ಕೆ ಹೋಗಲಾಗದ ದಿನ ಬೆಳಗ್ಗೆಯೇ ಆಫೀಸಿಗೆ ತಿಳಿಸಿ. ಮೂರು ದಿನಕ್ಕಿಂತ ಜಾಸ್ತಿಯಾದರೆ ಡಾಕ್ಟರ್ ಪತ್ರ ಬೇಕು, ಕೆಲವು ಕಡೆ ಮೊದಲ ದಿನವೇ ಕೇಳುತ್ತಾರೆ. ಜ್ವರ ಇಟ್ಟುಕೊಂಡು ಆಫೀಸಿಗೆ ಹೋದರೆ ಇಲ್ಲಿ ಯಾರೂ ಮೆಚ್ಚುವುದಿಲ್ಲ, ಮನೆಗೆ ಹೋಗಿ ಅಂತಲೇ ಹೇಳುತ್ತಾರೆ.

ಮಕ್ಕಳಿರುವವರು ಡೇ ಕೇರ್‌ಗೆ ಬಂದ ವಾರವೇ ಅರ್ಜಿ ಹಾಕಿ, ಜಾಗ ಸಿಗುವುದು ನಿಧಾನ. ಮಕ್ಕಳ ಭತ್ಯೆ ತಿಂಗಳಿಗೆ ಒಂದು ಮಗುವಿಗೆ 250 ಯೂರೋಗಿಂತ ಜಾಸ್ತಿ ಇದೆ. ನಿಮ್ಮ ವೀಸಾಗೆ ಅದು ಸಿಗುತ್ತದೆಯೇ ಅಂತ ವಿಚಾರಿಸಿ, ಅರ್ಜಿ ಹಾಕದೆ ತಾನಾಗಿ ಬರುವುದಿಲ್ಲ.

ಓಡಾಟ

ಇಡೀ ದೇಶದ ಬಸ್, ಟ್ರಾಮ್, ಲೋಕಲ್ ರೈಲಿಗೆ ಒಂದೇ ತಿಂಗಳ ಪಾಸ್ ಇದೆ, ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರಿಂದ 63. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ. ಬೇಡವಾದರೆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ, ಇಲ್ಲದಿದ್ದರೆ ಮುಂದಿನ ತಿಂಗಳದ್ದೂ ಕಡಿಯುತ್ತದೆ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ.

ನಮ್ಮ ಡ್ರೈವಿಂಗ್ ಲೈಸೆನ್ಸ್ ಇಲ್ಲಿಗೆ ಬಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸ್ ಮಾಡಬೇಕು. ಥಿಯರಿ ಇಂಗ್ಲಿಷ್‌ನಲ್ಲಿ ಬರೆಯಬಹುದು. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ಒಂದು ದಿನದ ಕೋರ್ಸ್ ಬೇಕು. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲು ದಾರಿ ಬಿಡುವುದು ನಮ್ಮವರೆಲ್ಲ ಎಡವುವ ಜಾಗ. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿದ್ದೇನೆ ಅನ್ನುವ ಧೈರ್ಯ ಬಿಟ್ಟು ಹತ್ತು ಪಾಠ ತೆಗೆದುಕೊಳ್ಳಿ. ನಡೆಯುವಾಗ ಕೆಂಪು ದೀಪ ಇದ್ದರೆ ರಸ್ತೆ ಖಾಲಿ ಇದ್ದರೂ ನಿಲ್ಲಿ, ಪಕ್ಕದಲ್ಲಿ ಮಕ್ಕಳಿದ್ದರಂತೂ ಖಂಡಿತ ನಿಲ್ಲಿ.

ಭಾಷೆ

ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ ಅಂತ ಜರ್ಮನ್ ಕಲಿಯದೆ ಇರುವವರು ಬಹಳ ಜನ. ಆದರೆ ಡಾಕ್ಟರ ರಿಸೆಪ್ಷನ್, ಡೇ ಕೇರಿನ ಟೀಚರ್, ಪಕ್ಕದ ಮನೆ ಅಜ್ಜ ಇವರೆಲ್ಲ ಜರ್ಮನ್‌ನಲ್ಲೇ ಬದುಕುತ್ತಾರೆ. ಹೊರಡುವ ಮೊದಲೇ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದು ಹಂತ ಮುಗಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಪ್ರತಿ ಊರಿನಲ್ಲೂ ಫೋಕ್ಸ್‌ಹೋಖ್‌ಶೂಲೆ ಅನ್ನುವ ಜನರ ಶಾಲೆ ಇದೆ, ಸಂಜೆ ತರಗತಿ ಇರುತ್ತದೆ, ಶುಲ್ಕ ಕಡಿಮೆ.

ಕನ್ನಡ ಬಲ್ಲವರಿಗೆ ಇದರಲ್ಲಿ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಇಂಗ್ಲಿಷ್ ಮೂಲಕ ಯೋಚಿಸಬೇಡಿ. "ಡು" ಮತ್ತು "ಝೀ" ಅಂದರೆ ನಮ್ಮ ನೀನು, ನೀವು. ಗುರುತಿಲ್ಲದವರಿಗೆ, ಹಿರಿಯರಿಗೆ, ಕಚೇರಿಯಲ್ಲಿ "ಝೀ", ಅವರಾಗಿ "ಡು ಅನ್ನಿ" ಅಂದ ಮೇಲೆ "ಡು". "ಯಾಕೆಂದರೆ", "ಒಂದು ವೇಳೆ" ಥರದ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮಲ್ಲೂ ಹಾಗೇ ಅಲ್ವಾ. ಇವರ ನಾಲ್ಕು ವಿಭಕ್ತಿ ಕೇಳಿ ಜನ ಹೆದರುತ್ತಾರೆ, ನಾವು ಶಾಲೆಯಲ್ಲಿ ಏಳು ವಿಭಕ್ತಿ ಬಾಯಿಪಾಠ ಮಾಡಿದವರು. ಶ್ವಾಬಿಯದವರು ಮಾತಿನ ಕೊನೆಗೆ "ಗೆಲ್?" ಅನ್ನುತ್ತಾರೆ, ಅದು ಪಕ್ಕಾ ನಮ್ಮ "ಅಲ್ವಾ?". ಕಷ್ಟ ಅಂದರೆ ಸಂಖ್ಯೆ: 21ಕ್ಕೆ "ಒಂದು ಮತ್ತು ಇಪ್ಪತ್ತು" ಅನ್ನುತ್ತಾರೆ. ಫೋನ್ ನಂಬರ್ ಕೇಳುವಾಗ ಒಂದೊಂದೇ ಅಂಕಿ ಹೇಳಿ ಅಂತ ಕೇಳಿಕೊಳ್ಳಿ.

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಕಿಟ್ಟೆಲ್ ಅವರು ತೀರಿಕೊಂಡದ್ದು ಆ ಊರಿನಲ್ಲಿ, 1903ರಲ್ಲಿ. ಧಾರವಾಡ, ಮಂಗಳೂರು, ಮಡಿಕೇರಿ ಸುತ್ತಿ, ಜನರ ಬಾಯಲ್ಲಿ ಕೇಳಿ ಕೇಳಿ, ಸುಮಾರು 70,000 ಪದಗಳ ಕನ್ನಡ ನಿಘಂಟನ್ನು 1894ರಲ್ಲಿ ಕೊಟ್ಟವರು. ಜರ್ಮನ್ ವ್ಯಾಕರಣ ತಲೆಗೆ ಹತ್ತದೆ ಅಳು ಬಂದಿದ್ದ ಒಂದು ಭಾನುವಾರ ಗಂಡ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ನೆಕ್ಕಾರ್ ನದಿ ದಂಡೆಯಲ್ಲಿ ಕೂತು, ಈ ದೇಶದಿಂದ ಬಂದ ಒಬ್ಬರು ನಮ್ಮ ಭಾಷೆಗೆ ಅಷ್ಟು ಮಾಡಿದರಲ್ಲ ಅಂತ ಯೋಚಿಸಿದೆ. ಸೋಮವಾರ ಮತ್ತೆ ತರಗತಿಗೆ ಹೋದೆ.

ನವೆಂಬರ್

ನವೆಂಬರ್ ತಿಂಗಳಿಗೆ ಮನಸ್ಸು ಸಿದ್ಧ ಮಾಡಿಕೊಳ್ಳಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು, ಬೆಳಗ್ಗೆ ಎಂಟರ ತನಕ ಬೆಳಕಿಲ್ಲ. ಊರು ನೆನಪಾಗುವುದು ಆಗಲೇ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಹೊರಗೆ ನಡೆಯಿರಿ, ಮೋಡ ಇದ್ದರೂ ಸರಿ. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ. ದಪ್ಪ ಕೋಟು, ಬೂಟು ಇಲ್ಲೇ ಕೊಳ್ಳಿ, ಬೆಂಗಳೂರಿನ ಸ್ವೆಟರ್ ಇಲ್ಲಿಯ ಗಾಳಿಗೆ ಸಾಲದು. ಇವರು ಈರುಳ್ಳಿ ಥರ ಬಟ್ಟೆ ಹಾಕಿ ಅನ್ನುತ್ತಾರೆ, ಪದರದ ಮೇಲೆ ಪದರ. ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ಅಮ್ಮನಿಗೆ ಫೋನ್ ಮಾಡುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ, ಕಾಯುತ್ತಿರುತ್ತಾರೆ.

ಮತ್ತೊಂದು ಕೆಲಸವನ್ನು ಮೊದಲ ವಾರವೇ ಮಾಡಿ. ಅಕ್ಕಪಕ್ಕದ, ಮೇಲೆ ಕೆಳಗಿನ ಬಾಗಿಲು ತಟ್ಟಿ, ನಾವು ಹೊಸಬರು, ಹೆಸರು ಇದು ಅಂತ ಹೇಳಿ ಬನ್ನಿ. ಎರಡು ನಿಮಿಷ ಸಾಕು. ನಾನು ಮಾಡಿರಲಿಲ್ಲ. ಇಲ್ಲಿಯ ಬಾಗಿಲುಗಳನ್ನು ಎಳೆದುಕೊಂಡರೆ ಹೊರಗಿನಿಂದ ಕೀಲಿ ಇಲ್ಲದೆ ತೆರೆಯಲಾಗದು. ನಮ್ಮ ಮೊದಲ ನವೆಂಬರ್‌ನಲ್ಲಿ, ಕಸ ಹಾಕಲು ಚಪ್ಪಲಿಯಲ್ಲೇ ಕೆಳಗಿಳಿದಾಗ ಬಾಗಿಲು ಹಾಕಿಕೊಂಡಿತು. ಫೋನ್ ಒಳಗೆ, ಗಂಡ ಬೇರೆ ಊರಿನಲ್ಲಿ, ಮಗಳು ಡೇ ಕೇರಿನಲ್ಲಿ. ಬೀಗ ತೆಗೆಯುವವರನ್ನು ಕರೆಸಿದರೆ ಬೇಕಾಬಿಟ್ಟಿ ಹಣ ಕೇಳುತ್ತಾರೆ ಅಂತ ಕೇಳಿದ್ದೆ. ಅರ್ಧ ಗಂಟೆ ಮೆಟ್ಟಿಲ ಮೇಲೆ ನಡುಗುತ್ತಾ ಕೂತೆ, ಆಮೇಲೆ ಧೈರ್ಯ ಮಾಡಿ ಕೆಳಗಿನ ಮನೆಯ ಗಂಟೆ ಒತ್ತಿದೆ. ಎಪ್ಪತ್ತು ದಾಟಿದ ಅಜ್ಜಿ. ನನ್ನ ಕಾಲು ನೋಡಿ ಮೊದಲು ಉಣ್ಣೆಯ ಕಾಲುಚೀಲ ತಂದುಕೊಟ್ಟರು, ಟೀ ಮಾಡಿದರು, ಮನೆ ಮಾಲೀಕರಿಗೆ ತಾವೇ ಫೋನ್ ಮಾಡಿದರು. ಮಾಲೀಕರು ಇನ್ನೊಂದು ಕೀಲಿ ತರುವವರೆಗೆ ಎರಡು ಗಂಟೆ ನನ್ನ ಹರಕು ಜರ್ಮನ್ ಕೇಳಿಸಿಕೊಂಡು ಕೂತರು.

ನಮ್ಮ ಮನೆಯ ಒಂದು ಕೀಲಿ ಈಗ ಅವರ ಹತ್ತಿರ ಇದೆ. ಅವರದ್ದೊಂದು ನಮ್ಮ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ.